ಟಕ್ ಅಂತು, ಬೀಗ ಬೀಳಲಿಲ್ಲ: ಗೂಡ್ಸ್ ಯಾರ್ಡಿನ ಒಂದು ಪ್ರಕರಣ

ಆಷಾಢದಲ್ಲಿ ಬೆಂಗಳೂರಿಗೆ ಬರುವ ಮಳೆಗೆ ಛತ್ರಿ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ಅಂಗಿ ಒದ್ದೆ. ಅಂಥದೊಂದು ಬೆಳಗ್ಗೆ, ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಯಾರ್ಡಿನಿಂದ ಫೋನ್ ಬಂತು. ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಕೂಡಿಸಿ ಬಿಡಿಸುವ ಕೆಲಸ ನೋಡಿಕೊಳ್ಳುವ ಶಂಟಿಂಗ್ ಮಾಸ್ಟರ್ ಮಾತಾಡುತ್ತಿದ್ದರು.

"ಸಾರ್, ಪಾರ್ಟಿಂಗ್ ಆಗ್ಬಿಟ್ಟಿದೆ. ಯಾರಿಗೂ ಏನೂ ಆಗಿಲ್ಲ. ನೀವು ಬರೋ ತನಕ ಕಪ್ಲಿಂಗ್ ಮುಟ್ಟಲ್ಲ, ಬನ್ನಿ."

ಆ ಕೊನೆಯ ಮಾತಿಗೆ ಅವರಿಗೆ ನಾನು ಈಗಲೂ ಒಂದು ಕಾಫಿ ಬಾಕಿ. ಕಪ್ಲಿಂಗ್ ಅಂದರೆ ಎರಡು ವ್ಯಾಗನ್ನುಗಳ ನಡುವಿನ ಜೋಡಣೆ. ಪಾರ್ಟಿಂಗ್ ಅಂದರೆ ಎಳೆಯುತ್ತಿರುವಾಗಲೇ ಗಾಡಿ ನಡುವೆ ಕಳಚಿಕೊಂಡು ಎರಡಾಗುವುದು. ಆದ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ಅದನ್ನು ಮತ್ತೆ ಜೋಡಿಸಿಬಿಡುವುದು. ಗಾಡಿ ಹೋಗಬೇಕಲ್ಲ! ಜೋಡಿಸಿದ ಮೇಲೆ ಯಾಕೆ ಕಳಚಿತು ಅಂತ ಹೇಳಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆಮೇಲೆ ಮೂರು ವಿಭಾಗದವರು ಮೂರು ಕಥೆ ಬರೆದು ಸಹಿ ಹಾಕುತ್ತಾರೆ.

ನಾನು ಆಗ ಕ್ಯಾರೇಜ್ ಅಂಡ್ ವ್ಯಾಗನ್, ಅಂದರೆ ಬೋಗಿ, ವ್ಯಾಗನ್ನುಗಳ ಪರೀಕ್ಷೆ, ರಿಪೇರಿ ನೋಡುವ ವಿಭಾಗದ ಸೂಪರ್‌ವೈಸರ್. ಯಾರ್ಡಿನ ಹೆಸರು ಬೇಡ. ನಗರದೊಳಗೇ ಇರುವ, ಸಿಮೆಂಟು, ಅಕ್ಕಿ, ಕಬ್ಬಿಣ ಇಳಿಯುವ ಒಂದು ಜಾಗ ಅಂದುಕೊಳ್ಳಿ. ಗೋಡೆಯಾಚೆ ಲಾರಿಗಳ ಸಾಲು, ಈಚೆ ರೈಲು. ನಡುವಿನ ದರ್ಶಿನಿಯಲ್ಲಿ ಎರಡೂ ಕಡೆಯವರು ಒಂದೇ ಸ್ಟೀಲ್ ಟೇಬಲ್ಲಿಗೆ ಮೊಣಕೈ ಊರಿ ಇಡ್ಲಿ ತಿನ್ನುತ್ತಾರೆ.

ಆದದ್ದು ಇಷ್ಟು. ರಾತ್ರಿ ಸಿಮೆಂಟ್ ತುಂಬಿದ ರೇಕ್, ಅಂದರೆ ವ್ಯಾಗನ್ನುಗಳ ಒಂದು ಇಡೀ ಸಾಲು, ಬಂದಿತ್ತು. ಇಳಿಸುವ ಲೈನು ಗಿಡ್ಡ, ಇಡೀ ರೇಕ್ ಹಿಡಿಯುವುದಿಲ್ಲ. ಹಾಗಾಗಿ ಅರ್ಧ ರೇಕ್, ಅಂದರೆ 21 ಮುಚ್ಚಿದ ವ್ಯಾಗನ್, ಮೊದಲು ಒಳಗೆ ಹೋಗಬೇಕು. ಅದರಲ್ಲೂ 14 ಒಂದು ಲೈನಿನಲ್ಲಿ, 7 ಪಕ್ಕದ ಲೈನಿನಲ್ಲಿ ನಿಂತಿದ್ದವು. ಎಂಜಿನ್ 14 ವ್ಯಾಗನ್ ಕಟ್ಟಿಕೊಂಡು ಹಿಂದೆ ಬಂದು ಆ 7ಕ್ಕೆ ತಾಗಿತು. ಜೋಡಣೆ ಆಯಿತು. ಹಳಿಯ ಪಕ್ಕ ನಿಂತು ಜೋಡಣೆ ನೋಡಿಕೊಳ್ಳುವ ಪಾಯಿಂಟ್ಸ್‌ಮನ್ ಹಸಿರು ದೀಪ ತೋರಿಸಿದ. ಎಂಜಿನ್ ಮೊದಲು ಸಣ್ಣದಾಗಿ ಎಳೆದು ನೋಡಿತು, ಆಮೇಲೆ ಹೊರಟಿತು. ಸುಮಾರು 40 ಮೀಟರ್ ಹೋಗುವಷ್ಟರಲ್ಲಿ 14ನೇ ವ್ಯಾಗನ್ ಮುಂದೆ, 15ನೇದು ಹಿಂದೆ.

ಇಂಥ ವ್ಯಾಗನ್ ಪೂರ್ತಿ ತುಂಬಿದಾಗ 81.28 ಟನ್ ತೂಗುತ್ತದೆ. ಏಳು ಅಂದರೆ ಸುಮಾರು 569 ಟನ್. ಅಷ್ಟು ಭಾರ ಎಂಜಿನ್ನಿನ ಹಿಡಿತವಿಲ್ಲದೆ ತನ್ನಪಾಡಿಗೆ ಹಳಿಯ ಮೇಲೆ ಉರುಳುತ್ತಿತ್ತು. ಯಾರ್ಡಿನೊಳಗಿನ ಸಣ್ಣ ಓಡಾಟ ಅಂತ ಏರ್ ಬ್ರೇಕ್ ಪೈಪು ಜೋಡಿಸಿರಲಿಲ್ಲ. ಜೋಡಿಸಿದ್ದರೆ ಕಳಚಿದ ಕ್ಷಣ ಪೈಪು ಕಿತ್ತು, ಒಳಗಿನ, ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡದ ಗಾಳಿ ಭುಸ್ ಅಂತ ಹೊರಬಿದ್ದು, ಎರಡೂ ತುಂಡುಗಳಿಗೆ ತಾನಾಗಿ ಬ್ರೇಕ್ ಬೀಳುತ್ತಿತ್ತು. ಇಲ್ಲಿ ಹಿಂದಿನ ಏಳರಲ್ಲಿ ಬ್ರೇಕ್ ಒತ್ತುವ ಗಾಳಿಯನ್ನೇ ಮೊದಲು ಖಾಲಿ ಮಾಡಿ ಬ್ರೇಕ್ ಸಡಿಲಿಸಿಯಾಗಿತ್ತು. ಪುಣ್ಯಕ್ಕೆ ಎಳೆಯುತ್ತಿದ್ದ ದಿಕ್ಕು ಏರು. ಏರು ಅಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಯಾರ್ಡಿನಲ್ಲಿ 400 ಮೀಟರಿಗೆ 1 ಮೀಟರಿಗಿಂತ ಕಡಿದು ಏರು ಇರಕೂಡದು ಅಂತ ನಿಯಮ, 1,200ಕ್ಕೆ 1 ಇದ್ದರೆ ಒಳ್ಳೆಯದು. ಆ ಜಾಗ 400ರ ಹತ್ತಿರದ್ದು. ಅಷ್ಟೇ ಏರು ಏಳು ವ್ಯಾಗನ್ನುಗಳ ಓಟವನ್ನು ಅರ್ಧ ನಿಮಿಷದಲ್ಲಿ ತಿಂದುಹಾಕಿತು. ನಿಂತವು. ನಿಂತ ಮೇಲೆ ಹಿಂದಕ್ಕೆ ಬರುತ್ತಿದ್ದವೋ ಇಲ್ಲವೋ ಅಂತ ಕಾದು ನೋಡುವ ಕುತೂಹಲ ಪಾಯಿಂಟ್ಸ್‌ಮನ್ನಿಗೆ ಇರಲಿಲ್ಲ. ಎರಡು ಮರದ ಬೆಣೆ ತಂದು ಚಕ್ರದ ಹಿಂದೆ ತುರುಕಿದ. ಹುಡುಗ ವಿಜಯಪುರದ ಕಡೆಯವನು, ಸೇರಿ ಎರಡು ವರ್ಷ ಆಗಿರಲಿಲ್ಲ.

ಮುರಿದದ್ದೋ, ತೆರೆದದ್ದೋ

ನಾನು ಹೋದಾಗ ಇಬ್ಬರು ಛತ್ರಿ ಹಿಡಿದು ಕಪ್ಲರ್ ಕಾಯುತ್ತಿದ್ದರು, ಹೆಣ ಕಾಯುವವರ ಹಾಗೆ. ಎಂಜಿನ್ ನಡೆಸುತ್ತಿದ್ದವರು ಹೇಳಿದ್ದು, "ಗಾಡಿ ಹಗುರ ಆಯ್ತು ಅಂತ ಅನ್ನಿಸ್ತು. ಹಗ್ಗಜಗ್ಗಾಟದಲ್ಲಿ ಎದುರಿನವರು ಹಗ್ಗ ಬಿಟ್ರೆ ಹೆಂಗಾಗುತ್ತೆ ಹಂಗೆ."

ಮೊದಲ ಪ್ರಶ್ನೆ ಯಾವತ್ತೂ ಒಂದೇ. ಮುರಿಯಿತಾ, ತೆರೆಯಿತಾ? ಮುರಿದಿದ್ದರೆ ಉಕ್ಕಿನ ಕಥೆ, ತೆರೆದಿದ್ದರೆ ಮನುಷ್ಯರ ಕಥೆ ಅಂತ ನಮ್ಮಲ್ಲಿ ಒಂದು ಮಾತಿದೆ. ಪೂರ್ತಿ ನಿಜವಲ್ಲ, ಆದರೆ ತನಿಖೆ ಶುರು ಮಾಡಲು ಸಾಕು.

ಕಪ್ಲರ್ ನೋಡದವರಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ಕೈಯಲ್ಲೇ ತೋರಿಸುತ್ತಿದ್ದೆ. ಬಲಗೈ ಬೆರಳುಗಳನ್ನು ಕೊಕ್ಕೆಯ ಹಾಗೆ ಬಾಗಿಸಿ. ಎಡಗೈಯದ್ದೂ ಹಾಗೇ. ಈಗ ಒಂದರೊಳಗೊಂದು ಸಿಕ್ಕಿಸಿ ಎಳೆಯಿರಿ. ಬಿಡುವುದಿಲ್ಲ. ಒಂದು ಕೈಯ ಬೆರಳು ಬಿಚ್ಚಿ, ಜಾರಿಹೋಗುತ್ತದೆ. ವ್ಯಾಗನ್ನಿನ ತುದಿಯಲ್ಲಿರುವ ಸೆಂಟರ್ ಬಫರ್ ಕಪ್ಲರ್, ನಾವು ಸಿಬಿಸಿ ಅನ್ನುವುದು, ಇಷ್ಟೇ. ಬಾಗಿದ ಬೆರಳಿಗೆ ನಕಲ್ ಅಂತ ಹೆಸರು. ತರಗತಿಯಲ್ಲಿ ಆ ಹೆಸರು ಹೇಳಿದಾಗಲೆಲ್ಲ ಯಾರಾದರೊಬ್ಬ "ನಕಲು ಅಂದ್ರೆ ಕಾಪಿ ಅಲ್ವಾ ಸಾರ್" ಅನ್ನದೆ ಬಿಡುವುದಿಲ್ಲ. ನಗು ಮುಗಿದ ಮೇಲೆ ಪಾಠ. ನಕಲ್ 40 ಕೆಜಿ ಹತ್ತಿರ ತೂಗುವ ಎರಕದ ಉಕ್ಕು. ನೆಟ್ಟಗೆ ಇಳಿಬಿಟ್ಟ ಒಂದು ಪಿನ್ನಿನ ಮೇಲೆ ಬಾಗಿಲಿನಂತೆ ತಿರುಗುತ್ತದೆ. ಅದರ ಹಿಂಭಾಗದಲ್ಲಿ ಒಂದು ಬಾಲ. ಎದುರಿನ ವ್ಯಾಗನ್ ಬಂದು ತಾಗಿದಾಗ ನಕಲ್ ಒಳಕ್ಕೆ ತಿರುಗಿ ಮುಚ್ಚುತ್ತದೆ, ಬಾಲ ಒಳಗೆ ಸರಿಯುತ್ತದೆ. ಬಾಲ ದಾಟಿದ ತಕ್ಷಣ ಮೇಲೆ ಕಾದಿದ್ದ ಒಂದು ಉಕ್ಕಿನ ಗಟ್ಟಿ ತನ್ನ ಭಾರಕ್ಕೇ ಕೆಳಗೆ ಬಿದ್ದು, ಬಾಲಕ್ಕೂ ಗೋಡೆಗೂ ನಡುವೆ ಕೂರುತ್ತದೆ. ಅದೇ ಬೀಗ. ಸ್ಪ್ರಿಂಗ್ ಇಲ್ಲ, ಕರೆಂಟಿಲ್ಲ. ಭೂಮಿ ಎಳೆಯುತ್ತದೆ, ಬೀಗ ಬೀಳುತ್ತದೆ. ಬಿಚ್ಚಬೇಕಾದರೆ ವ್ಯಾಗನ್ನಿನ ಪಕ್ಕದಲ್ಲಿ ನಿಂತೇ ಒಂದು ಹ್ಯಾಂಡಲ್ ತಿರುಗಿಸಿದರೆ ಬೀಗ ಮೇಲೇಳುತ್ತದೆ.

ಈ ವಿನ್ಯಾಸ ಮಾಡಿದವನು ಎಂಜಿನಿಯರ್ ಆಗಿರಲಿಲ್ಲ. ಅಮೆರಿಕದ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಊರಿನ ಜವಳಿ ಅಂಗಡಿಯ ಗುಮಾಸ್ತ ಈಲೈ ಜ್ಯಾನಿ. ಮರ ಕೆತ್ತಿ ಮಾದರಿ ಮಾಡಿಕೊಂಡಿದ್ದನಂತೆ. 1873ರ ಏಪ್ರಿಲ್ 29ರಂದು ಪೇಟೆಂಟ್ ಸಿಕ್ಕಿತು. ಅದಕ್ಕೆ ಮೊದಲು ಅಲ್ಲಿ ಇದ್ದದ್ದು ಒಂದು ಕಬ್ಬಿಣದ ಕೊಂಡಿ, ಒಂದು ಗೂಟ. ಎರಡು ಬಂಡಿಗಳು ಹತ್ತಿರ ಬರುವಾಗ ಮನುಷ್ಯ ನಡುವೆ ನಿಂತು ಕೊಂಡಿಯನ್ನು ಕೈಯಲ್ಲಿ ಹಿಡಿದು ತೂತಿಗೆ ತೋರಿಸಿ ಗೂಟ ಇಳಿಸಬೇಕು. ಬೆರಳು ಎಷ್ಟು ಕಡಿಮೆಯೋ ಅನುಭವ ಅಷ್ಟು ಜಾಸ್ತಿ ಅಂತ ಅಳೆಯುತ್ತಿದ್ದ ಕಾಲ ಅದು. ನಮ್ಮಲ್ಲೂ ಬೇರೆಯಿರಲಿಲ್ಲ. ನಮ್ಮ ದೊಡ್ಡಪ್ಪ ಮೀಟರ್ ಗೇಜ್ ಕಾಲದ ಪಾಯಿಂಟ್ಸ್‌ಮನ್, ಬಲಗೈ ಕಿರುಬೆರಳು ಇರಲಿಲ್ಲ. "ರೈಲ್ವೆಗೆ ಕಾಣಿಕೆ" ಅಂತ ನಗುತ್ತಿದ್ದರು. ಸ್ಕ್ರೂ ಕಪ್ಲಿಂಗಿನ ಬ್ರಾಡ್ ಗೇಜ್ ಗಾಡಿಗಳಲ್ಲಿ ಎರಡು ಬಫರುಗಳ ಕೆಳಗೆ ನುಸುಳಿ ಒಳಗೆ ಹೋಗಿ, ಸಂಕೋಲೆ ಎತ್ತಿ ಕೊಕ್ಕೆಗೆ ಹಾಕಿ, ತಿರುಪು ಬಿಗಿದು ಹೊರಗೆ ಬರಬೇಕಿತ್ತು. ಈ ಸ್ಕ್ರೂ ಕಪ್ಲಿಂಗಿನ, ಐಸಿಎಫ್ ಅನ್ನುವ ಹಳೆಯ ಮಾದರಿಯ ಪ್ರಯಾಣಿಕರ ಬೋಗಿಗಳ ತಯಾರಿಕೆ 2018ರಲ್ಲಿ ನಿಂತಿತು. ಆದರೆ ಆಗಲೇ ತಯಾರಾಗಿದ್ದವು ಆಮೇಲೂ ಎಷ್ಟೋ ವರ್ಷ ಓಡಿದವು, ಹಾಗಾಗಿ ಆ ನುಸುಳುವಿಕೆ ತೀರಾ ಹಳೆಯ ಮಾತೇನಲ್ಲ.

ಪ್ರಕರಣಕ್ಕೆ ಬರೋಣ. 14ರ ಹಿಂದಿನ ಕಪ್ಲರ್ ಮುಚ್ಚಿತ್ತು, ಬೀಗ ಭದ್ರ. 15ರ ಮುಂದಿನ ಕಪ್ಲರ್ ಬಾಯಿ ತೆರೆದು ನಿಂತಿತ್ತು. ಎರಡರಲ್ಲೂ ಬಿರುಕಿಲ್ಲ. ಉಕ್ಕು ಮುರಿದಿದ್ದರೆ ಹೊಸ ಗಾಯ ಕಲ್ಲುಸಕ್ಕರೆಯಂತೆ ಮಿನುಗುತ್ತದೆ, ಹಳೆಯ ಬಿರುಕಿದ್ದರೆ ಅಷ್ಟು ಭಾಗ ತುಕ್ಕು ಹಿಡಿದು ಕಪ್ಪಾಗಿರುತ್ತದೆ. ಟಾರ್ಚ್ ಹಿಡಿದು ಸುತ್ತ ಹುಡುಕಿದೆ, ಎರಡೂ ಇಲ್ಲ. ಸರಿ, ಮುರಿದಿಲ್ಲ.

ಒಂದು ಕಪ್ಲರ್ ಇನ್ನೊಂದರ ಮೇಲಿಂದ ಹಾರಿತೇ? ಒಂದು ವ್ಯಾಗನ್ ಎತ್ತರ, ಇನ್ನೊಂದು ತಗ್ಗಾದರೆ ಹಾಗಾಗುವುದುಂಟು. ಹಳಿಯಿಂದ ಕಪ್ಲರಿನ ನಡುವಿನವರೆಗೆ ಖಾಲಿ ವ್ಯಾಗನ್ನಿಗೆ 1,105 ಮಿಲಿಮೀಟರ್ ಮೀರಬಾರದು, ತುಂಬಿದ್ದಕ್ಕೆ 1,030ಕ್ಕಿಂತ ಇಳಿಯಬಾರದು. ಅಳೆದೆವು. ಎರಡೂ ಲೆಕ್ಕದೊಳಗೆ ಇದ್ದವು, ಎರಡಕ್ಕೂ ನಡುವೆ ಬೆರಳಗಲದ ವ್ಯತ್ಯಾಸವೂ ಇಲ್ಲ. ಅಲ್ಲದೆ ಮೇಲಿಂದ ಹಾರಿದ್ದರೆ ಎರಡು ನಕಲ್‌ಗಳೂ ಮುಚ್ಚಿಕೊಂಡೇ ಇರಬೇಕಿತ್ತು.

ಉಳಿದದ್ದು ಹ್ಯಾಂಡಲ್. ಎಂಜಿನ್ ಕಡೆಯವರು ಮೊದಲಿನಿಂದ ಇದನ್ನೇ ಹೇಳುತ್ತಿದ್ದರು. ಯಾರೋ ಹ್ಯಾಂಡಲ್ ಎತ್ತಿ ಬಿಟ್ಟಿದ್ದಾರೆ, ಬೀಗ ಮೇಲೇ ನಿಂತಿದೆ, ಎಳೆದಾಗ ಬಿಟ್ಟುಕೊಂಡಿದೆ, ಅಷ್ಟೇ. ಮಾತಿನಲ್ಲಿ ಹುರುಳಿತ್ತು. ಬೀಗವನ್ನು ಎತ್ತಿ ನಿಲ್ಲಿಸುವ ಒಂದು ಸ್ಥಿತಿ ಕಪ್ಲರಿನಲ್ಲಿ ಬೇಕಂತಲೇ ಇದೆ. ಹ್ಯಾಂಡಲ್ ಹಿಡಿದುಕೊಂಡೇ ಓಡುವ ತಾಪತ್ರಯ ಇರಬಾರದು ಅಂತ. ಆದರೆ ಬೀಗ ಎತ್ತಿ ನಿಂತಿದ್ದರೆ ಮೊದಲ ಎಳೆತಕ್ಕೇ, ಒಂದಡಿ ಹೋಗುವ ಮೊದಲೇ, ಬಿಚ್ಚಿಕೊಳ್ಳಬೇಕು. ಎಂಜಿನ್ ಎಳೆದು ನೋಡಿದಾಗ ಹಿಡಿಯಿತು. 40 ಮೀಟರ್ ಏಳು ವ್ಯಾಗನ್ ಎಳೆದುಕೊಂಡೂ ಹೋಯಿತು. ಅಂದರೆ ಬೀಗ ಬಿದ್ದಿತ್ತು, ಪೂರ್ತಿ ಬಿದ್ದಿರಲಿಲ್ಲ. ಹ್ಯಾಂಡಲ್ ಕೂಡ ತನ್ನ ಜಾಗದಲ್ಲಿ ನೆಟ್ಟಗಿತ್ತು.

ಆಗ ಪಾಯಿಂಟ್ಸ್‌ಮನ್ನಿಗೆ ಕೇಳಿದೆ. "ಏನಪ್ಪಾ, ಜೋಡಿಸುವಾಗ ಏನು ನೋಡಿದೆ?"

"ಸಪ್ಪಳ ಬಂತ್ರೀ ಸರ. ಚೊಲೋ ಬಂತು. ಟಕ್ ಅಂತು."

"ಕಿಂಡಿ ನೋಡಿದೆಯಾ?"

ಸುಮ್ಮನಾದ. ಆಮೇಲೆ, "ಇಲ್ರೀ."

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವನ ಬಗ್ಗೆ ಆಮೇಲೆ ನಾನು ಬರೆದ ಎರಡು ಸಾಲಿಗೆ ಆ "ಇಲ್ರೀ" ಕಾರಣ.

ಕನಕನ ಕಿಂಡಿ

ಕಪ್ಲರಿನ ತಲೆಯ ಅಡಿಭಾಗದಲ್ಲಿ ಒಂದು ಸಣ್ಣ ತೂತಿದೆ. ಬೀಗ ತಳಮುಟ್ಟ ಕೂತಿದ್ದರೆ ಒಳಗಿನ ಭಾಗ ಅದರಲ್ಲಿ ಕಾಣುತ್ತದೆ, ಕೂರದಿದ್ದರೆ ಬರೀ ಕತ್ತಲೆ. ಪುಸ್ತಕದಲ್ಲಿ ಅದಕ್ಕೆ ಟೆಲ್‌ಟೇಲ್ ಅಂತ ಹೆಸರು, ನಮ್ಮ ಮಾತಿನಲ್ಲಿ ಚಾಡಿಕೋರ. ಬೀಗ ಮಾಡಿದ ಕಳ್ಳಾಟವನ್ನು ಹೊರಗಿನವರಿಗೆ ಹೇಳಿಬಿಡುತ್ತದೆ. ನಮ್ಮ ಫಿಟ್ಟರುಗಳು ಮಾತ್ರ ಅದನ್ನು ಕನಕನ ಕಿಂಡಿ ಅನ್ನುತ್ತಿದ್ದರು. ಬಗ್ಗಿ ಇಣುಕಿದವನಿಗೇ ದರ್ಶನ. ಉಡುಪಿಯವನೊಬ್ಬ ಇಟ್ಟ ಹೆಸರು, ನಿಂತುಬಿಟ್ಟಿತು.

ಬಗ್ಗಬೇಕು ಅನ್ನುವುದೇ ತೊಂದರೆ. ಇಬ್ಬನಿಯೋ ಮಳೆಯೋ ಬಿದ್ದು ಜಾರುವ ಜಲ್ಲಿ, ಒಂದು ಕೈಯಲ್ಲಿ ದೀಪ, ಅದರ ಬೆಳಕು ಸಿಗ್ನಲ್ ತೋರಿಸಲು ಸಾಕು, ಕಪ್ಲರಿನ ಹೊಟ್ಟೆ ನೋಡಲು ಸಾಲದು. ಎದುರಿಗೆ ಎಂಜಿನ್. ಮನುಷ್ಯನನ್ನು ಎರಡು ಬಂಡಿಗಳ ನಡುವಿನಿಂದ ಹೊರಗೆ ತರಬೇಕು ಅಂತಲೇ ಜ್ಯಾನಿಯ ಕಪ್ಲರ್ ಹುಟ್ಟಿದ್ದು. ಅದು ಸರಿಯಾಗಿ ಕೂತಿದೆಯೇ ಅಂತ ನೋಡಲು ಅದೇ ಮನುಷ್ಯ ಮತ್ತೆ ಅಲ್ಲಿಗೇ ಬಂದು ತಲೆ ಬಗ್ಗಿಸಬೇಕು. ಸ್ಕ್ರೂ ಕಪ್ಲಿಂಗಿನ ಕಾಲದ ನಮ್ಮ ಹಿರಿಯರಿಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ತಿರುಪು ಬಿಗಿಯುವಾಗ ಅಂಗೈಗೇ ಗೊತ್ತಾಗುತ್ತಿತ್ತು. ಹೊಸ ಕಪ್ಲರ್ ಬೆರಳು ಉಳಿಸಿಕೊಟ್ಟಿತು, ಆದರೆ ಆ ಅಂಗೈಯ ತಿಳಿವಳಿಕೆಯನ್ನು ಒಂದು ಸದ್ದಿಗೆ ಇಳಿಸಿತು. ಸದ್ದು ಕೇಳಿದ ಕೂಡಲೇ ಕೆಲಸ ಆಯಿತು ಅನ್ನಿಸುತ್ತದೆ. ನನಗೂ ಅನ್ನಿಸಿದೆ, ಸಾವಿರ ಸಲ. ಸಾವಿರ ಸಲವೂ ಸರಿಯಾಗಿಯೇ ಇತ್ತು ಅನ್ನುವುದು ಸದ್ದಿನ ಮೇಲಿನ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

15ರ ಕಪ್ಲರಿನ ಒಳಗೆ ಬೆರಳು ಹಾಕಿದೆ. ಒರಟು. ಉಕ್ಕಿನ ಒರಟಲ್ಲ, ಸುಣ್ಣ ಬಳಿದ ಗೋಡೆಯ ಒರಟು. ನಕಲ್ ಪಿನ್ ತೆಗೆದು, ನಕಲ್ ಹೊರಗೆಳೆದು, ಬೀಗ ಇಳಿಸಿ ನೋಡಿದರೆ ಒಳಗೋಡೆಗೆಲ್ಲ ಬೂದು ಬಣ್ಣದ ಒಂದು ಪದರ. ಅದರಡಿಯಲ್ಲಿ ಕಪ್ಪು ಜಿಡ್ಡು. ಬೀಗ ಕೂರುವ ಜಾಗದಲ್ಲಿ ಒಂದು ಚಕ್ಕೆ ಬಿದ್ದಿತ್ತು. ಹಳೆಯ ಎಂಟಾಣೆಯಷ್ಟು ಅಗಲ, ಎರಡು ಚಕ್ಕುಲಿಯ ದಪ್ಪ. ಅಂಗೈ ಮೇಲೆ ಇಟ್ಟುಕೊಂಡು ಟಾರ್ಚ್ ಬಿಟ್ಟೆ. ಒಂದು ಮೈ ಒರಟು, ಗೋಡೆಯಿಂದ ಕಿತ್ತುಬಂದದ್ದು. ಇನ್ನೊಂದು ಮೈಯ ಮೇಲೆ ನೇರವಾದ ಒಂದು ಗೀರು, ಗೀರಿನ ಒಂದು ಬದಿ ಕನ್ನಡಿಯಂತೆ ಹೊಳಪು. ಬೀಗದ ಕೆಳ ಅಂಚು ಅದರ ಮೇಲೆ ಕೂತು ಉಜ್ಜಿದ ಗುರುತು. ಬೀಗವನ್ನು ತಂದು ಗೀರಿಗೆ ಇಟ್ಟು ನೋಡಿದೆ, ಅಂಚಿಗೆ ಅಂಚು ಕೂಡಿತು. ಶಂಟಿಂಗ್ ಮಾಸ್ಟರ್ ಛತ್ರಿ ಮಡಿಚಿ ಬಗ್ಗಿ ನೋಡಿ, "ಅಯ್ಯೋ ಶಿವನೇ, ಸಿಮೆಂಟು" ಅಂದರು.

ಸಿಮೆಂಟೇ. ಆ ವ್ಯಾಗನ್ ಹಿಂದಿನ ಎಷ್ಟು ಟ್ರಿಪ್ಪುಗಳಲ್ಲಿ ಸಿಮೆಂಟ್ ಹೊತ್ತಿತ್ತೋ. ಚೀಲ ಇಳಿಸುವಾಗ ಏಳುವ ಧೂಳು ಎಲ್ಲ ಕಡೆ ಕೂರುತ್ತದೆ, ಮಳೆ ಬಿದ್ದರೆ ಗಟ್ಟಿಯಾಗುತ್ತದೆ. ಆದರೆ ಒಣ ಉಕ್ಕಿನ ಮೇಲೆ ಕೂತ ಧೂಳು ಗಾಡಿ ಓಡುವಾಗಿನ ಅಲುಗಾಟಕ್ಕೆ ಬಹುಪಾಲು ಉದುರಿಹೋಗುತ್ತದೆ. ಇಲ್ಲಿ ಉದುರದೆ ಉಳಿದದ್ದಕ್ಕೆ ಕಾರಣ ಅಡಿಯಲ್ಲಿದ್ದ ಆ ಕಪ್ಪು ಜಿಡ್ಡು. ಗ್ರೀಸ್.

ಕಪ್ಲರಿನ ಒಳಗೆ ಎಣ್ಣೆ, ಗ್ರೀಸ್ ಹಾಕಕೂಡದು ಅಂತ ನಮಗೆ ಮೊದಲ ದಿನವೇ ಕಲಿಸಿದ್ದು. ತೀರಾ ಬೇಕಾದರೆ ಒಣ ಗ್ರಾಫೈಟ್ ಪುಡಿ. ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಮನೆಯ ಬಾಗಿಲು ಕಿರ್ ಅಂದರೆ ಎಣ್ಣೆ ಬಿಡುವ ದೇಶ ನಮ್ಮದು. ತಿರುಗುವ ಕಬ್ಬಿಣ ಕಂಡರೆ ಕೈ ಗ್ರೀಸ್ ಡಬ್ಬಿಗೆ ಹೋಗುತ್ತದೆ. ಎಲ್ಲೋ ಒಂದು ಕಡೆ ಯಾರೋ ಒಬ್ಬ, ಹ್ಯಾಂಡಲ್ ಬಿಗಿ ಅನ್ನಿಸಿ, ಕೆಲಸದ ಮೇಲಿನ ಅಕ್ಕರೆಯಿಂದಲೇ ಒಂದು ಮುಷ್ಟಿ ಬಳಿದಿದ್ದಾನೆ. ಅದು ಧೂಳು ಹಿಡಿಯುವ ಅಂಟಾಯಿತು. ಪದರದ ಮೇಲೆ ಪದರ ಕೂತು, ಮಳೆಯಲ್ಲಿ ಗಾರೆಯಾಯಿತು. ಹಿಂದಿನ ರಾತ್ರಿ ಗಾಡಿ ಬಂದಾಗ ಬೀಗ ಸರಿಯಾಗಿ ಕೂತೇ ಇತ್ತು, ಅದಕ್ಕೇ ಅಷ್ಟು ದೂರದಿಂದ ಏನೂ ಆಗದೆ ಬಂತು. ಯಾರ್ಡಿನಲ್ಲಿ 14 ಮತ್ತು 7 ಅಂತ ಬೇರ್ಪಡಿಸಲು ಹ್ಯಾಂಡಲ್ ತಿರುಗಿಸಿ ಬೀಗ ಎತ್ತಿದಾಗ ಪಕ್ಕದ ಗಾರೆ ಬಿರಿದು ಒಂದು ಚಕ್ಕೆ ಬೀಗದ ಹಾಸಿಗೆಗೆ ಬಿತ್ತು. ಬೆಳಗ್ಗೆ ಮತ್ತೆ ಜೋಡಿಸಿದಾಗ ಬೀಗ ಬಂದು ಆ ಚಕ್ಕೆಯ ಮೇಲೆ ಕೂತಿತು. ಟಕ್.

ಇದು ನನ್ನ ಊಹೆ ಅಂತ ಯಾರೂ ಅನ್ನಬಾರದು ಅಂತ, ಎಲ್ಲರ ಎದುರಿಗೇ ಮಾಡಿ ನೋಡಿದೆವು. ಮೊದಲು ಒಳಗನ್ನು ಹಾಗೇ ಬಿಟ್ಟು ಚಕ್ಕೆಯನ್ನು ಅದೇ ಜಾಗಕ್ಕೆ ಇಟ್ಟು ಎರಡು ವ್ಯಾಗನ್ ತಾಗಿಸಿದೆವು. ಮೂರು ಸಲ. ಮೂರು ಸಲವೂ ಸದ್ದು ಒಂದೇ. ನಾನು ಕಣ್ಣು ಮುಚ್ಚಿ ಕೇಳಿದೆ, ನನಗೂ ವ್ಯತ್ಯಾಸ ತಿಳಿಯಲಿಲ್ಲ. ಎರಡು ಸಲ ಕಿಂಡಿ ಕತ್ತಲೆ. ಮೂರನೇ ಸಲ ಚಕ್ಕೆ ಜಾರಿ ಬೀಗ ತಳಕ್ಕೆ ಹೋಯಿತು, ಕಿಂಡಿಯಲ್ಲಿ ಕಂಡಿತು. ಎರಡನೇ ಸಲದ ನಂತರ ಎಂಜಿನ್ ಸಣ್ಣದಾಗಿ ಎಳೆಯಿತು, ಹಿಡಿಯಿತು. ಎಳೆಯುವುದನ್ನು ಅಲ್ಲಿಗೇ ನಿಲ್ಲಿಸಿದೆವು. ಇನ್ನೊಂದು ಪಾರ್ಟಿಂಗ್ ಮಾಡಿ ತೋರಿಸುವ ಹುಚ್ಚು ಯಾರಿಗೂ ಇರಲಿಲ್ಲ.

ಎಳೆದು ನೋಡಿದರೂ ಗೊತ್ತಾಗಲಿಲ್ಲವೇಕೆ? ಎಳೆತಕ್ಕೆ ನಕಲ್ ತೆರೆಯಲು ನೋಡುತ್ತದೆ, ಅದರ ಬಾಲ ಬೀಗವನ್ನು ಗೋಡೆಗೆ ಒತ್ತುತ್ತದೆ. ಬೀಗ ಪೂರ್ತಿ ಇಳಿದಿದ್ದರೆ ಆ ಒತ್ತು ಅದರ ಇಡೀ ಮೈಗೆ ಹಂಚಿಹೋಗುತ್ತದೆ. ಅರ್ಧ ಇಳಿದಿದ್ದರೆ ಕೆಳಗಿನ ಅಂಚಿನ ಒಂದು ಸಣ್ಣ ಪಟ್ಟಿ ಮಾತ್ರ ಬಾಲಕ್ಕೆ ಸಿಕ್ಕಿಕೊಂಡಿರುತ್ತದೆ. ಸಣ್ಣ ಎಳೆತಕ್ಕೆ ಅಷ್ಟು ಸಾಕು. ಇನ್ನೊಂದು ವಿಷಯ, ಅಲುಗಾಟಕ್ಕೆ ಬೀಗ ತಾನಾಗಿ ಮೇಲೇರದಂತೆ ತಡೆಯುವ ಒಂದು ಏರ್ಪಾಟು ಕಪ್ಲರಿನಲ್ಲಿದೆ. ಬೀಗ ತಳಕ್ಕೆ ಹೋದರೆ ಮಾತ್ರ ಅದು ಸಿಕ್ಕಿಕೊಳ್ಳುವುದು. ಗೂಡ್ಸ್ ಗಾಡಿ ಹೊರಡುವಾಗ ಒಂದೊಂದೇ ವ್ಯಾಗನ್ ಎಳೆದುಕೊಳ್ಳುತ್ತಾ ಗಡಗಡ ಸದ್ದು ಹಿಂದಕ್ಕೆ ಓಡುತ್ತದಲ್ಲ, ಆ ಒಂದೊಂದು ಜಗ್ಗಿಗೂ ಬೀಗ ಕೂದಲೆಳೆಯಷ್ಟು ಮೇಲೇರಿದೆ. 40 ಮೀಟರಿನಲ್ಲಿ ಅಂಚು ಮುಗಿದಿದೆ. ನಕಲ್ ಮುರಿಯಲು ನೂರಾರು ಟನ್ ಬಲ ಬೇಕು. ಆ ಗಳಿಗೆಯಲ್ಲಿ ಅಲ್ಲಿದ್ದದ್ದು ಅದರ ಹತ್ತಿರಕ್ಕೂ ಬರುವಂಥದ್ದಲ್ಲ.

ಜಾಯಿಂಟ್ ನೋಟ್

ಇಷ್ಟಾಗುವಾಗ ಹತ್ತೂವರೆ. ಸಿಮೆಂಟ್ ಇಳಿಸಲು ಬಂದ ಹಮಾಲರು ಗೋಡೌನ್ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು, ಗೇಟಿನಾಚೆ ಲಾರಿಯವರ ಹಾರನ್ನು. ಈಗ ಮೂರು ವಿಭಾಗದವರು ಕೂತು ಜಾಯಿಂಟ್ ನೋಟ್, ಅಂದರೆ ಎಲ್ಲರೂ ಸಹಿ ಹಾಕುವ ಒಂದೇ ವರದಿ, ಬರೆಯಬೇಕು. ರೈಲ್ವೆಯಲ್ಲಿ ಕೆಲಸ ಮಾಡದವರಿಗೆ ಇದರ ರುಚಿ ಗೊತ್ತಾಗುವುದಿಲ್ಲ. ಮೂವರು ಅಣ್ಣತಮ್ಮಂದಿರ ಆಸ್ತಿ ಪಾಲಿನ ಪತ್ರ ಇದ್ದ ಹಾಗೆ, ಆದರೆ ಇಲ್ಲಿ ಯಾರಿಗೂ ಪಾಲು ಬೇಡ.

ಶಂಟಿಂಗ್ ಮಾಸ್ಟರ್ ವಾದ ಚೆನ್ನಾಗಿತ್ತು. "ಇದು ಆಟೋಮ್ಯಾಟಿಕ್ ಕಪ್ಲರ್ ತಾನೇ ಸಾರ್? ತಾಗಿದ್ರೆ ತಾನಾಗಿ ಬೀಗ ಬೀಳಬೇಕು. ಬೀಳದೇ ಇದ್ರೆ ನಿಮ್ಮ ಮೆಕ್ಯಾನಿಕಲ್ ತಪ್ಪು. ನಮ್ಮ ಹುಡುಗ ಏನು ಮಾಡ್ತಾನೆ?"

ಅಮೆರಿಕದಲ್ಲಿ ಇದೇ ಥರದ ವಾದ ಸುಪ್ರೀಂ ಕೋರ್ಟಿಗೆ ಹೋಗಿತ್ತು ಅಂತ ನಾನು ಅವರಿಗೆ ಹೇಳಿದೆ. ಕೈಯಲ್ಲಿ ಟೀ ಇತ್ತು, ಕೇಳಿಸಿಕೊಂಡರು. ಮನುಷ್ಯರು ನಡುವೆ ಹೋಗದೆ, ತಾಗಿದರೆ ತಾನಾಗಿ ಜೋಡಿಕೊಳ್ಳುವ ಕಪ್ಲರುಗಳನ್ನೇ ಹಾಕಬೇಕು ಅಂತ ಅಲ್ಲಿ 1893ರಲ್ಲಿ ಕಾನೂನು ಬಂತು. 1900ರ ಆಗಸ್ಟಿನಲ್ಲಿ ಯೂಟಾದ ಪ್ರಾಮೊಂಟರಿ ಅನ್ನುವಲ್ಲಿ ಜಾನ್ಸನ್ ಎಂಬ ಬ್ರೇಕ್‌ಮನ್ನಿಗೆ ಎಂಜಿನ್ನಿಗೆ ಊಟದ ಬೋಗಿ ಕಟ್ಟುವ ಕೆಲಸ ಬಿತ್ತು. ಎಂಜಿನ್ನಿಗೆ ಜ್ಯಾನಿ ಕಪ್ಲರ್, ಬೋಗಿಗೆ ಮಿಲ್ಲರ್ ಅನ್ನುವವನ ಕೊಕ್ಕೆ. ಎರಡೂ ಆಟೋಮ್ಯಾಟಿಕ್ಕೇ. ಆದರೆ ಒಂದಕ್ಕೊಂದು ಒಗ್ಗದು. ಜಾನ್ಸನ್ ನಡುವೆ ಹೋಗಿ ಹಳೆಯ ಕೊಂಡಿ, ಗೂಟ ಹಾಕಲು ನೋಡಿದ, ಬಲಗೈ ಹೋಯಿತು. ಎರಡೂ ಬೇರೆಬೇರೆಯಾಗಿ ಆಟೋಮ್ಯಾಟಿಕ್ ಇದ್ದವಲ್ಲ, ನಮ್ಮ ತಪ್ಪೇನು ಅಂದಿತು ಕಂಪನಿ. ಕೆಳಗಿನ ಕೋರ್ಟುಗಳು ಹೌದು ಅಂದವು. 1904ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ನಿಜವಾಗಿ ಜೋಡಿಸುವ ಹೊತ್ತಿನಲ್ಲಿ ತಾನಾಗಿ ಜೋಡಿಕೊಳ್ಳದಿದ್ದರೆ ಕಾನೂನು ಪಾಲಿಸಿದ ಹಾಗಲ್ಲ.

"ನೋಡಿ, ಕೋರ್ಟೂ ನನ್ನ ಕಡೆ" ಅಂದರು ಶಂಟಿಂಗ್ ಮಾಸ್ಟರ್. ನಾನು ಅವರ ಬಾಯಿಗೆ ಬೆಲ್ಲ ಹಾಕಿದ ಹಾಗಾಯಿತು.

ಅವರದು ಪೂರ್ತಿ ತಪ್ಪಲ್ಲ. ಒಳಗಿನ ಗಾರೆ ನಮ್ಮ ವಿಭಾಗದ ಕಣ್ಣಿಗೆ ಬೀಳಬೇಕಿತ್ತು. ವ್ಯಾಗನ್ ಪರೀಕ್ಷೆ ಮಾಡುವಾಗ ನಾವು ನಕಲ್ ಸವೆತ ನೋಡುತ್ತೇವೆ, ಎತ್ತರ ನೋಡುತ್ತೇವೆ, ಹ್ಯಾಂಡಲ್ ನೋಡುತ್ತೇವೆ. ಜೋಡಿಕೊಂಡೇ ಇರುವ ಕಪ್ಲರಿನ ಒಳಗೋಡೆ ನೋಡಲು ಬಿಚ್ಚಬೇಕು, ಬಿಚ್ಚಲು ಸಮಯವಿಲ್ಲ. ಇದು ಸಬೂಬು ಅಂತ ನನಗೂ ಗೊತ್ತಿತ್ತು. ಆದರೆ ಕಿಂಡಿ ನೋಡದೆ ಹಸಿರು ತೋರಿಸಿದ್ದು ಅವರ ಕಡೆಯದು. ಪೈಪು ಜೋಡಿಸದೆ 21 ತುಂಬಿದ ವ್ಯಾಗನ್ ಏರಿಗೆ ಎಳೆದದ್ದು ಇಬ್ಬರೂ ಒಪ್ಪಿಕೊಂಡು ನಡೆಸಿಕೊಂಡು ಬಂದ ರೂಢಿ. ನನ್ನನ್ನು ಕೇಳಿದರೆ ಮೂರರಲ್ಲಿ ಅದೇ ದೊಡ್ಡದು. ಕಪ್ಲರ್ ಯಾವತ್ತಾದರೂ ಒಂದು ದಿನ ಬಿಟ್ಟುಕೊಳ್ಳುತ್ತದೆ, ಆಗ ಗಾಡಿ ತಾನಾಗಿ ನಿಲ್ಲಬೇಕು ಅಂತಲೇ ಆ ಪೈಪು ಇರುವುದು. ನೋಟಿನಲ್ಲಿ ಅದು ಬಂತು, ಮೂರನೇ ಸಾಲಿನಲ್ಲಿ, ಯಾರಿಗೂ ನೋಯದ ಭಾಷೆಯಲ್ಲಿ.

ಕೊನೆಗೆ ಬರೆದದ್ದು ಇಷ್ಟು. 15ನೇ ವ್ಯಾಗನ್ನಿನ ಕಪ್ಲರಿನಲ್ಲಿ ಗ್ರೀಸಿಗೆ ಅಂಟಿ ಗಟ್ಟಿಯಾದ ಸಿಮೆಂಟಿನ ಚಕ್ಕೆ ಬೀಗದ ಅಡಿಗೆ ಬಿದ್ದು ಬೀಗ ಪೂರ್ತಿ ಕೂತಿಲ್ಲ. ಜೋಡಿಸಿದ ಮೇಲೆ ಕಿಂಡಿ ನೋಡಿ ಖಚಿತಪಡಿಸಿಕೊಂಡಿಲ್ಲ. ಏರ್ ಬ್ರೇಕ್ ಜೋಡಿಸಿರಲಿಲ್ಲ. ಪಾಯಿಂಟ್ಸ್‌ಮನ್ ಕೂಡಲೇ ಬೆಣೆ ಹಾಕಿದ್ದರಿಂದ ವ್ಯಾಗನ್ನುಗಳು ಹಿಂದೆ ಸರಿಯಲಿಲ್ಲ, ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ. ಕೊನೆಯದು ನಾನು ಹಟ ಹಿಡಿದು ಸೇರಿಸಿದ ಎರಡು ಸಾಲು. "ಇದೆಲ್ಲ ಜಾಯಿಂಟ್ ನೋಟಲ್ಲಿ ಬರೀತಾರಾ ಸಾರ್" ಅಂದರು ಎಂಜಿನ್ ಕಡೆಯವರು. ಸಹಿ ಮಾತ್ರ ಹಾಕಿದರು.

ಹುಡುಗನಿಗೆ ಒಂದು ಎಚ್ಚರಿಕೆ ಪತ್ರ ಬಂತು, ಒಂದು ಒಳ್ಳೆಯ ಟಾರ್ಚೂ ಬಂತು. ಟಾರ್ಚ್ ಎರಡು ವರ್ಷ ಮೊದಲೇ ಬರಬಹುದಿತ್ತು.

ಮಧ್ಯಾಹ್ನ ಊಟ ಆದ ಮೇಲೆ ಉಳಿದ 20 ವ್ಯಾಗನ್ನುಗಳ ಕಪ್ಲರುಗಳನ್ನು ಒಂದೊಂದಾಗಿ ಬೆರಳು ಹಾಕಿ ನೋಡಿದೆವು. ಎರಡು ಕಡೆ ಮತ್ತೆ ಗ್ರೀಸ್ ಸಿಕ್ಕಿತು, ಒಂದರಲ್ಲಿ ಗಾರೆ ಕಟ್ಟಲು ಶುರುವಾಗಿತ್ತು. ಎರಡೂ ಒಂದೇ ಕೈಯದ್ದೇ? ಹೇಳುವ ಹಾಗಿಲ್ಲ. ವ್ಯಾಗನ್ನಿಗೆ ಊರಿಲ್ಲ, ಇವತ್ತು ಬೆಂಗಳೂರು, ನಾಳೆ ಇನ್ನೆಲ್ಲೋ. ಫಿಟ್ಟರುಗಳು ಸೀಮೆಎಣ್ಣೆ, ತಂತಿ ಬ್ರಷ್, ಒಂದು ಹಳೆಯ ಉಳಿ ತಂದು ಕೂತರು. ಗಾರೆ ಕೆತ್ತುವ ಸದ್ದು ಕೇಳಿ ಹಮಾಲರಲ್ಲಿ ಒಬ್ಬ ಬಂದು ನೋಡಿ, "ನಮ್ಮ ಸಿಮೆಂಟು ಗಟ್ಟಿ ಕಣಣ್ಣ" ಅಂದ.

ನಾಲ್ಕೂವರೆಗೆ 15ನೇ ವ್ಯಾಗನ್ನಿನ ನಕಲ್ ಮತ್ತೆ ಕೂರಿಸಿ, ಪಿನ್ ಹಾಕಿ, 14ಕ್ಕೆ ತಾಗಿಸಿದರು. ಟಕ್ ಅಂತು. ವಿಜಯಪುರದ ಹುಡುಗ ಎಂಜಿನ್ ಕಡೆಗೆ ಕೆಂಪು ತೋರಿಸಿ ನಿಲ್ಲಿಸಿ, ಒದ್ದೆ ಜಲ್ಲಿಯ ಮೇಲೆ ಒಂದು ಮೊಣಕಾಲು ಊರಿ, ಹೊಸ ಟಾರ್ಚ್ ಬರುವವರೆಗೂ ಅಂತ ನನ್ನದನ್ನೇ ಇಸಿದುಕೊಂಡು, ಕಿಂಡಿಗೆ ಬೆಳಕು ಬಿಟ್ಟ.

"ಕಾಣ್ತದ್ರೀ ಸರ."

ಪೈಪೂ ಜೋಡಿಸಿದರು. ಗಾಡಿ ಹೊರಟಿತು.